ಮುದಿ ಟರ್ಬೋ, ಪೈಕ್ಸ್ ಪೀಕ್ ಮತ್ತು ಒಂದಿಷ್ಟು ಹೆಚ್ಚಿನ ಗಾಳಿ

ಕೊಲರಾಡೋಗೆ ಹೊಸದಾಗಿ ಬಂದಿಳಿದ ಕನ್ನಡ ಕುಟುಂಬಗಳಿಗೆ ಇಲ್ಲಿನ ಎತ್ತರ ಮೊದಲು ಅರಿವಾಗುವುದು ರಾಕಿ ಪರ್ವತಗಳನ್ನು ನೋಡಿ ಅಲ್ಲ, ಅಡುಗೆಮನೆಯಲ್ಲಿ! ಊರಿನಲ್ಲಿ ಮೂರು ವಿಷಲ್‌ಗೆ ಬೆಣ್ಣೆಯಂತೆ ಬೇಯುತ್ತಿದ್ದ ತೊಗರಿಬೇಳೆ ಡೆನ್ವರ್‌ನಲ್ಲಿ ಐದು ವಿಷಲ್ ಕೂಗಿದರೂ ಕಾಳು ಕಾಳಾಗಿಯೇ ಕುಳಿತಿರುತ್ತದೆ. ಕಾರಣ ಬೇಳೆಯದಲ್ಲ, ಗಾಳಿಯದು. ಸಮುದ್ರಮಟ್ಟದಿಂದ 5,280 ಅಡಿ, ಅಂದರೆ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿರುವ ಈ ಊರಿನಲ್ಲಿ ನೀರು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಗಾಳಿಯ ಒತ್ತಡ ಸಮುದ್ರತೀರದ ಶೇಕಡ 83ರಷ್ಟು ಮಾತ್ರ. ಕುಕ್ಕರ್‌ನ ಮೇಲಿನ ತೂಕ ಹೊರಗಿನ ಗಾಳಿಗಿಂತ ಇಷ್ಟು ಹೆಚ್ಚು ಒತ್ತಡ ಎಂದಷ್ಟೇ ಲೆಕ್ಕ ಹಿಡಿಯುತ್ತದೆ. ಹೊರಗಿನದೇ ಕಡಿಮೆಯಾದರೆ ಒಳಗಿನದೂ ಕಡಿಮೆ. ಹಾಗಾಗಿ ಇನ್ನೆರಡು ವಿಷಲ್!

ಈ ಕುಕ್ಕರ್ ಪುರಾಣವನ್ನು ಹೇಳಿದ್ದಕ್ಕೆ ಕಾರಣವಿದೆ. ಈ ಲೇಖನ ಒಂದು ಮುದಿ ಕಾರಿನ ಬಗ್ಗೆ, ಒಂದು ಬೆಟ್ಟದ ಬಗ್ಗೆ, ಮತ್ತು ಹಾಸನದಿಂದ ನಮ್ಮನ್ನು ನೋಡಲು ಬಂದಿದ್ದ ನನ್ನ ತಂದೆಯವರ ಬಗ್ಗೆ. ಈ ಮೂವರ ನಡುವೆ ಇದ್ದ ಸಂಬಂಧ ಒಂದೇ, ಗಾಳಿ.

ಗ್ಯಾರೇಜಿನ ಹೊಸ ಸದಸ್ಯ

ನಮ್ಮ ಮನೆಗೆ ಬಂದ ಆ ಕಾರು 1987ರ ಪೋರ್ಶೆ 944 ಟರ್ಬೋ. ಪೋರ್ಶೆ ಎಂದ ಕೂಡಲೇ "ಓಹೋ, ಇವರ ಷೇರುಗಳು ಮೇಲೆದ್ದಿರಬೇಕು" ಎಂದುಕೊಳ್ಳಬೇಡಿ. ಬಣ್ಣ ಮಾಸಿದ, ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟ, ನನ್ನ ಮಗನಿಗಿಂತ ಬಹಳ ಹಿರಿಯ ಕಾರು ಅದು. ನಿವೃತ್ತರೊಬ್ಬರು ಗ್ಯಾರೇಜ್ ಖಾಲಿ ಮಾಡಲು ಮಾರಿದ್ದು. ನನ್ನವಳು ಅದನ್ನು ನೋಡಿದವಳೇ "ಮನೆಯಲ್ಲಿ ಹಳೇ ಸಾಮಾನು ಕಡಿಮೆ ಇತ್ತಾ?" ಎಂದು ನನ್ನ ಕಡೆಯೇ ನೋಡಿದಳು. ಯಾವ ಅರ್ಥದಲ್ಲಿ ಹೇಳಿದಳೋ ನಾನು ಕೇಳಲಿಲ್ಲ.

ಆದರೆ ಈ ಕಾರಿಗೆ ಒಂದು ಘನತೆ ಇದೆ. ಜರ್ಮನಿಯ ನೆಕರ್ಸುಲ್ಮ್ ಎಂಬಲ್ಲಿ ಆಡಿ ಕಾರ್ಖಾನೆಯಲ್ಲಿ ಜೋಡಿಸಲ್ಪಟ್ಟದ್ದು. ಮುಂದೆ ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಹಿಂದೆ ಗೇರ್‌ಬಾಕ್ಸ್. ಹಾಗಾಗಿ ಭಾರ ಮುಂದೆ ಹಿಂದೆ ಸುಮಾರು ಅರ್ಧರ್ಧ ಹಂಚಿಕೊಂಡು, ತಿರುವಿನಲ್ಲಿ ತಕ್ಕಡಿಯಂತೆ ಸಮವಾಗಿ ನಿಲ್ಲುತ್ತದೆ. ಅಮೆರಿಕಾಕ್ಕೆ ಬಂದ ಮಾದರಿಗೆ ಕಾರ್ಖಾನೆ ಹೇಳಿದ ಶಕ್ತಿ 217 ಅಶ್ವಶಕ್ತಿ. ಇಂದು ಮಾಮೂಲಿ ಸೆಡಾನ್‌ಗಳೇ ಅದಕ್ಕಿಂತ ಹೆಚ್ಚು ಶಕ್ತಿ ಕೊಡುತ್ತವೆ, ನಿಜ. ಆದರೆ ಸುಮಾರು 1,350 ಕಿಲೋ ತೂಕದ ಕಾರಿಗೆ ಆ ಕಾಲದಲ್ಲಿ ಅದು ದೊಡ್ಡ ಮಾತು.

ಟರ್ಬೋ ಎಂದರೇನು ಎಂದು ಕೇಳುವವರಿಗೆ ಎರಡು ಮಾತು. ಎಂಜಿನ್ ಉಸಿರಾಡುವ ಯಂತ್ರ. ಎಷ್ಟು ಗಾಳಿ ಒಳಗೆ ಹೋಗುತ್ತದೋ ಅಷ್ಟಕ್ಕೆ ತಕ್ಕ ಪೆಟ್ರೋಲ್ ಉರಿಯುತ್ತದೆ, ಅಷ್ಟೇ ಶಕ್ತಿ ಹೊರಬರುತ್ತದೆ. ಹೊರಹೋಗುವ ಬಿಸಿ ಹೊಗೆ ಸುಮ್ಮನೆ ಪೋಲಾಗುವ ಬದಲು ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬಿದರೆ ಅದು ಟರ್ಬೋ. ಒತ್ತಿದ ಗಾಳಿ ಕಾಯುತ್ತದೆ, ಅದನ್ನು ತಣಿಸಲು ಇಂಟರ್‌ಕೂಲರ್. ಒತ್ತಡ ಮಿತಿ ಮೀರದಂತೆ ಹೊಗೆಯನ್ನು ಪಕ್ಕದ ದಾರಿಯಿಂದ ಬಿಡಲು ವೇಸ್ಟ್‌ಗೇಟ್ ಎಂಬ ಬಾಗಿಲು. ನಮ್ಮ ಕುಕ್ಕರ್‌ನ ವಿಷಲ್ ಇದ್ದ ಹಾಗೆ. ಈ ಕಲ್ಪನೆಗೆ ಸ್ವಿಟ್ಜರ್‌ಲ್ಯಾಂಡಿನ ಆಲ್ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರ್ 1905ರಲ್ಲೇ ಪೇಟೆಂಟ್ ಪಡೆದಿದ್ದರು.

ಎಲ್ಲ ಬಿಟ್ಟು ಈ ಬೆಟ್ಟವೇ ಏಕೆ?

ಡೆನ್ವರ್‌ನಿಂದ ದಕ್ಷಿಣಕ್ಕೆ ಸುಮಾರು 70 ಮೈಲಿ ದೂರದ ಕೊಲರಾಡೋ ಸ್ಪ್ರಿಂಗ್ಸ್ ಊರಿನ ಪಶ್ಚಿಮಕ್ಕೆ ಗೋಡೆಯಂತೆ ಎದ್ದು ನಿಂತಿರುವುದು ಪೈಕ್ಸ್ ಪೀಕ್. ಎತ್ತರ 14,115 ಅಡಿ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 6,330 ಅಡಿ. ಕೊಲರಾಡೋ ಸ್ಪ್ರಿಂಗ್ಸ್ ಪೇಟೆಯೇ 6,035 ಅಡಿ ಎತ್ತರದಲ್ಲಿದೆ! ಅಂದರೆ ಇಲ್ಲಿಯ ಜನ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಮನೆ ಕಟ್ಟಿಕೊಂಡು, ಅಲ್ಲಿಂದ ಬೆಟ್ಟ ಹತ್ತಲು ಶುರು ಮಾಡುತ್ತಾರೆ ಎಂದಾಯಿತು.

ಯೂಟ್ ಜನಾಂಗದವರಿಗೆ ಇದು "ತಾವಾ", ಸೂರ್ಯನ ಬೆಟ್ಟ. ಈಗಿನ ಹೆಸರು ಬಂದದ್ದು ಜೆಬುಲನ್ ಪೈಕ್ ಎಂಬ ಸೇನಾಧಿಕಾರಿಯಿಂದ. 1806ರ ನವೆಂಬರ್‌ನಲ್ಲಿ ಆತ ಇದನ್ನು ಹತ್ತಲು ಹೊರಟು, ಹಿಮದಲ್ಲಿ ಸೋತು ಹಿಂದಿರುಗಿದ. ತುದಿ ಮುಟ್ಟಿದ್ದು ದಾಖಲಾಗಿರುವುದು 1820ರಲ್ಲಿ, ಎಡ್ವಿನ್ ಜೇಮ್ಸ್ ಎಂಬಾತನಿಂದ. ಆದರೂ ಬೆಟ್ಟಕ್ಕೆ ಉಳಿದದ್ದು ಹತ್ತಲಾಗದವನ ಹೆಸರೇ. 1893ರಲ್ಲಿ ಇಲ್ಲಿಗೆ ಬಂದ ಕ್ಯಾಥರೀನ್ ಲೀ ಬೇಟ್ಸ್ ಎಂಬ ಅಧ್ಯಾಪಕಿ ತುದಿಯಿಂದ ಕಂಡ ನೋಟದ ಪ್ರೇರಣೆಯಿಂದ ಬರೆದದ್ದೇ ಅಮೆರಿಕಾದ ಮಕ್ಕಳೆಲ್ಲ ಹಾಡುವ "ಅಮೆರಿಕಾ ದ ಬ್ಯೂಟಿಫುಲ್".

ಟರ್ಬೋ ಭಕ್ತರಿಗಂತೂ ಇದು ಪುಣ್ಯಕ್ಷೇತ್ರವೇ ಸರಿ. ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನಗಳು ಎತ್ತರಕ್ಕೆ ಏರಿದಂತೆ ಎಂಜಿನ್ ಏದುಸಿರು ಬಿಡುತ್ತಿದ್ದವು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಇದಕ್ಕೊಂದು ಟರ್ಬೋ ತಯಾರಿಸಿದರು. ಆದರೆ ಅದನ್ನು ಎತ್ತರದ ಗಾಳಿಯಲ್ಲಿ ಪರೀಕ್ಷಿಸುವುದು ಹೇಗೆ? 1918ರಲ್ಲಿ ಹನ್ನೆರಡು ಸಿಲಿಂಡರಿನ ಲಿಬರ್ಟಿ ವಿಮಾನದ ಎಂಜಿನನ್ನು ಲಾರಿಗೆ ಕಟ್ಟಿ ಇದೇ ಪೈಕ್ಸ್ ಪೀಕ್ ತುದಿಗೆ ಎಳೆದೊಯ್ದರು. ತಗ್ಗಿನಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ತುದಿಯಲ್ಲಿ 230ಕ್ಕೆ ಇಳಿಯಿತು. ಟರ್ಬೋ ಜೋಡಿಸಿದಾಗ 356! ಬೆಟ್ಟ ಕಸಿದುಕೊಂಡದ್ದನ್ನೆಲ್ಲ ಆ ಪುಟ್ಟ ಚಕ್ರ ವಾಪಸು ತಂದುಕೊಟ್ಟಿತ್ತು.

ಇಲ್ಲಿಯ ರಸ್ತೆಯನ್ನು ಉದ್ಯಮಿ ಸ್ಪೆನ್ಸರ್ ಪೆನ್ರೋಸ್ ಮಾಡಿಸಿ, ಪ್ರಚಾರಕ್ಕಾಗಿ 1916ರಲ್ಲಿ ಬೆಟ್ಟ ಹತ್ತುವ ಕಾರ್ ರೇಸ್ ಆರಂಭಿಸಿದರು. 12.42 ಮೈಲಿ, 156 ತಿರುವುಗಳು. ಮೊದಲ ವರ್ಷ ಗೆದ್ದವನಿಗೆ ಬೇಕಾದದ್ದು ಸುಮಾರು 21 ನಿಮಿಷ. 1985ರಲ್ಲಿ ಫ್ರಾನ್ಸಿನ ಮಿಶೆಲ್ ಮೂಟನ್ ಟರ್ಬೋ ಆಡಿಯಲ್ಲಿ 11 ನಿಮಿಷ 25 ಸೆಕೆಂಡಿಗೆ ಹತ್ತಿ, ಗಂಡಸರ ದಾಖಲೆಯನ್ನೆಲ್ಲ ಮುರಿದು ಗೆದ್ದಳು. 1987ರಲ್ಲಿ ವಾಲ್ಟರ್ ರೋರ್ಲ್ 11 ನಿಮಿಷದ ಗಡಿ ದಾಟಿದ. ಮರುವರ್ಷ ಆರಿ ವಾಟನೆನ್ ಅವನಿಗಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಮುಂದಾದ. ಆಗ ರಸ್ತೆ ಬರೀ ಜಲ್ಲಿ ಮಣ್ಣು, ಪಕ್ಕಕ್ಕೆ ತಡೆಗೋಡೆಯೂ ಇಲ್ಲ. ಪೂರ್ತಿ ಡಾಂಬರು ಬಂದ ಮೇಲೆ 2013ರಲ್ಲಿ ಸೆಬಾಸ್ಟಿಯನ್ ಲೋಬ್ 8 ನಿಮಿಷ 13 ಸೆಕೆಂಡ್. 2018ರಲ್ಲಿ ರೋಮ್ಯಾ ಡ್ಯೂಮಾ ಫೋಕ್ಸ್‌ವ್ಯಾಗನ್‌ನ ವಿದ್ಯುತ್ ಕಾರಿನಲ್ಲಿ 7 ನಿಮಿಷ 57 ಸೆಕೆಂಡಿಗೇ ತುದಿ ಮುಟ್ಟಿದ. ವಿದ್ಯುತ್ ಮೋಟಾರಿಗೆ ಉಸಿರಾಟದ ಗೊಡವೆಯೇ ಇಲ್ಲವಲ್ಲ!

ಎಷ್ಟು ಸಾಕು?

ಕಾರು ಬಂದ ವಾರದಲ್ಲೇ ಮನೆಯಲ್ಲಿ ಎರಡು ಪಕ್ಷಗಳಾದವು. ಕಾಲೇಜಿಗೆ ಹೊರಡಲು ಒಂದು ಬೇಸಿಗೆಯಷ್ಟೇ ಉಳಿದಿದ್ದ ನನ್ನ ಮಗನದು "ದೊಡ್ಡ ಟರ್ಬೋ, 350 ಅಶ್ವಶಕ್ತಿ" ಪಕ್ಷ. ನನ್ನದು "ಇದ್ದದ್ದನ್ನು ಸರಿಮಾಡಿ ಚೂರು ಹೆಚ್ಚಿಸೋಣ" ಪಕ್ಷ. ತೀರ್ಪುಗಾರರಾಗಿ ಮೇ ತಿಂಗಳಲ್ಲಿ ಹಾಸನದಿಂದ ಬಂದಿಳಿದರು ನನ್ನ ತಂದೆ. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿ, ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ ಬಸ್ಸುಗಳನ್ನು ಮಳೆಯಲ್ಲಿ ಮಲಗಿ ರಿಪೇರಿ ಮಾಡುತ್ತ ನಿವೃತ್ತರಾದವರು. ಬಾನೆಟ್ ಎತ್ತಿ ಐದು ನಿಮಿಷ ಸುಮ್ಮನೆ ನೋಡಿದರು. ಬೆರಳಿನಿಂದ ಒಂದು ರಬ್ಬರ್ ಕೊಳವೆ ಮುಟ್ಟಿದರು. ಅದು ಒಣ ಚಕ್ಕೆಯಂತೆ ಮುರಿದು ಕೈಗೆ ಬಂತು. "ಮೊದಲು ಇರೋ ಕುದುರೇನ ನಿಲ್ಲೋ ಹಾಗೆ ಮಾಡು, ಆಮೇಲೆ ಓಡಿಸು" ಎಂದರು. ತೀರ್ಪು ಬಂದಾಯಿತು.

ಹಾಗೆ ಆ ಬೇಸಿಗೆಯ ಶನಿವಾರಗಳೆಲ್ಲ ಮೂರು ತಲೆಮಾರು ಒಂದೇ ಗ್ಯಾರೇಜಿನಲ್ಲಿ ಕಳೆದವು. ಅಜ್ಜನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಮೊಮ್ಮಗನ ಕನ್ನಡ "ಅಡುಗೆಮನೆ ಕನ್ನಡ". ಆದರೆ ಸ್ಪ್ಯಾನರ್‌ಗೆ ಭಾಷೆ ಬೇಕಿಲ್ಲ. ಜುಲೈ ಹೊತ್ತಿಗೆ ಮಗ "ತಾತ, ಬೋಲ್ಟ್ ಬಿಗಿ ಆಗ್ತಿಲ್ಲ" ಎನ್ನುತ್ತಿದ್ದ. ನನ್ನವಳಿಗೆ ಆ ಹಳೇ ಸಾಮಾನಿನ ಮೇಲಿದ್ದ ಸಿಟ್ಟು ಇಳಿದದ್ದು ಆ ಮಾತು ಕೇಳಿಯೇ.

ಮೊದಲ ಕೆಲಸ ಟೈಮಿಂಗ್ ಬೆಲ್ಟ್. ಈ ಎಂಜಿನ್‌ನಲ್ಲಿ ಆ ಪಟ್ಟಿ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ, ಎಂಜಿನ್ನೇ ಹೋದಂತೆ. ಅದರ ಜೊತೆಗೆ ಬ್ಯಾಲೆನ್ಸ್ ಶಾಫ್ಟ್ ಬೆಲ್ಟ್, ನೀರಿನ ಪಂಪ್. ಆಮೇಲೆ ಚಕ್ಕೆಯಾಗಿದ್ದ ವ್ಯಾಕ್ಯೂಮ್ ಕೊಳವೆಗಳೆಲ್ಲ ಬದಲು. ಹಳೆಯ ಪೆಟ್ರೋಲ್ ಕೊಳವೆಗಳನ್ನೂ ಬಿಡಲಿಲ್ಲ, ಏಕೆಂದರೆ ಅವು ಬಿರುಕು ಬಿಟ್ಟರೆ ಕಾರಿಗೆ ಬೆಂಕಿಯೇ ಗತಿ. ಡಿಎಂಇ ರಿಲೇ ಎಂಬ ಬೆಂಕಿಪೊಟ್ಟಣದಷ್ಟು ಚಿಕ್ಕ ಪೆಟ್ಟಿಗೆ ಕೈಕೊಟ್ಟರೆ ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ. ಅದನ್ನು ಹೊಸದು ಹಾಕಿ, ಇನ್ನೊಂದನ್ನು ಡಬ್ಬಿಯಲ್ಲಿಟ್ಟೆವು. ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳೆದಾಗ ಸಮವಾಗಿ ಬಂತು. ಇಷ್ಟಾದ ಮೇಲೆ ಕೊಳವೆಗಳಿಗೆ ಹೊಗೆ ತುಂಬಿ ಸೋರಿಕೆ ಹುಡುಕಿದರೆ ಇಂಟರ್‌ಕೂಲರ್‌ನ ಒಂದು ಜೋಡಣೆಯಲ್ಲಿ ಬುಸ್ ಎಂದು ಹೊಗೆ! ಅದೊಂದು ಕ್ಲಾಂಪ್ ಬಿಗಿಯಾದದ್ದೇ ಕಾರು ಹೊಸ ಹುರುಪು ಪಡೆಯಿತು. ಹಳೆಯ ಟರ್ಬೋ ಕಾರಿನಲ್ಲಿ ಬಹುಪಾಲು "ಹೆಚ್ಚಿನ ಶಕ್ತಿ" ಹೀಗೆ ಸೋರಿಹೋಗಿರುವುದೇ.

ಇನ್ನು ನಿಜವಾದ ಹೆಚ್ಚಳದ ಲೆಕ್ಕ. ಇದು ಡೆನ್ವರ್‌ವಾಸಿಗಳಿಗಂತೂ ಸ್ವಾರಸ್ಯದ್ದು. ಈ ಕಾರಿನ ಟರ್ಬೋ ಹೊರಗಿನ ಗಾಳಿಗಿಂತ ಸುಮಾರು 0.75 ಬಾರ್ ಹೆಚ್ಚು ಒತ್ತಡ ತುಂಬುತ್ತದೆ. ಸಮುದ್ರತೀರದಲ್ಲಿ ಹೊರಗಿನದು 1 ಬಾರ್, ಒಟ್ಟು 1.75. ಡೆನ್ವರ್‌ನಲ್ಲಿ ಹೊರಗಿನದು 0.83, ಒಟ್ಟು 1.58. ಟರ್ಬೋ ಇಲ್ಲದ ಕಾರು ಇಲ್ಲಿ ಶೇಕಡ 17ರಷ್ಟು ಗಾಳಿ ಕಳೆದುಕೊಂಡರೆ ನಮ್ಮದು ಶೇಕಡ 10ರಷ್ಟು. ನಾವು ಒತ್ತಡವನ್ನು 0.9ಕ್ಕೆ ಏರಿಸಿದರೆ ಒಟ್ಟು 1.73. ಅಂದರೆ ಹೆಚ್ಚೂಕಡಿಮೆ ಕಾರ್ಖಾನೆಯವರು ಸಮುದ್ರತೀರಕ್ಕೆಂದು ಕೊಟ್ಟಷ್ಟೇ! ಎಂಜಿನ್ನಿನ ಪಿಸ್ಟನ್, ಗ್ಯಾಸ್ಕೆಟ್ ಇವುಗಳಿಗೆ ಹೊಸ ಭಾರವೇನೂ ಬೀಳುವುದಿಲ್ಲ. ಮಾಸ್ ಮಹಾಶಯರು 1918ರಲ್ಲಿ ಮಾಡಿದ್ದೂ ಇದನ್ನೇ, ಬೆಟ್ಟ ಕಿತ್ತುಕೊಂಡದ್ದನ್ನು ಮರಳಿ ಕೇಳಿದ್ದು.

ಆದರೆ ಬಿಟ್ಟಿ ಏನೂ ಸಿಗುವುದಿಲ್ಲ. ತೆಳು ಗಾಳಿಯನ್ನು ಅಷ್ಟೇ ಒತ್ತಡಕ್ಕೆ ಏರಿಸಲು ಟರ್ಬೋ ಹೆಚ್ಚು ವೇಗವಾಗಿ ಸುತ್ತಬೇಕು. ಸಮುದ್ರತೀರದಲ್ಲಿ ಗಾಳಿಯನ್ನು ಒಂದೂಮುಕ್ಕಾಲು ಪಟ್ಟು ಒತ್ತಿದರೆ ಸಾಕು, ಇಲ್ಲಿ ಎರಡು ಪಟ್ಟಿಗೂ ಮೀರಿ. ಅಷ್ಟು ಒತ್ತಿದ ಗಾಳಿ ಹೆಚ್ಚು ಬಿಸಿಯಾಗುತ್ತದೆ. ಬಿಸಿ ಗಾಳಿಗೆ ಪೆಟ್ರೋಲ್ ಸೇರಿದಾಗ ಕಿಡಿ ಹೊತ್ತುವ ಮುನ್ನ ಅಥವಾ ನಂತರ ತಾನಾಗಿಯೇ ಸಿಡಿದು "ನಾಕಿಂಗ್" ಶುರುವಾದರೆ ಪಿಸ್ಟನ್ ತೂತಾಗಬಹುದು. ಆದ್ದರಿಂದ ಪೆಟ್ರೋಲ್ ಒತ್ತಡದ ರೆಗ್ಯುಲೇಟರ್ 2.5 ಬಾರ್‌ನದ್ದನ್ನು ತೆಗೆದು 3 ಬಾರ್‌ನದ್ದು ಹಾಕಿ, ಅದಕ್ಕೆ ಹೊಂದುವ ಹೊಸ ಚಿಪ್‌ಗಳನ್ನು ಕೂರಿಸಿದೆವು. ಗಾಳಿಗೂ ಪೆಟ್ರೋಲಿಗೂ ಇರುವ ಪ್ರಮಾಣ ತೋರಿಸುವ ಮೀಟರೊಂದು ಕಣ್ಣೆದುರೇ ಬಂತು. ಮೀಟರ್ ಇಲ್ಲದೆ ಒತ್ತಡ ಏರಿಸುವುದೆಂದರೆ ಉಪ್ಪು ನೋಡದೆ ಐವತ್ತು ಜನಕ್ಕೆ ಹುಳಿ ಮಾಡಿದಂತೆ!

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಕೊಲರಾಡೋದ ಬಂಕ್‌ಗಳಲ್ಲಿ ಅಗ್ಗದ ಪೆಟ್ರೋಲ್ 85 ಆಕ್ಟೇನ್. ತೆಳು ಗಾಳಿಯಲ್ಲಿ ನಾಕಿಂಗ್ ಕಡಿಮೆ ಎಂಬ ಹಳೆಯ ಲೆಕ್ಕ ಅದು. ಟರ್ಬೋ ಕಾರಿಗೆ ಆ ಲೆಕ್ಕ ಸಲ್ಲದು, ಏಕೆಂದರೆ ಅದು ತೆಳು ಗಾಳಿಯನ್ನು ಮತ್ತೆ ದಪ್ಪ ಮಾಡಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಸಿಗುವ 91 ಆಕ್ಟೇನ್ ಹೊರತು ಬೇರೇನೂ ಹಾಕುವಂತಿಲ್ಲ. ಇನ್ನೊಂದು ಎಚ್ಚರ: 0.9ಕ್ಕೆ ಇಟ್ಟ ಕಾರನ್ನು ಹಾಗೆಯೇ ಕ್ಯಾಲಿಫೋರ್ನಿಯಾದ ಕಡಲತೀರಕ್ಕೆ ಓಡಿಸಿದರೆ ಒಟ್ಟು 1.9 ಆಗಿಬಿಡುತ್ತದೆ. ಇಳಿಯುವ ಮೊದಲು ತಿರುಪು ಹಿಂದಕ್ಕೆ ತಿರುಗಿಸಬೇಕು.

ಮಗನ 350ರ ಆಸೆ ತಣಿದದ್ದು ಹೇಗೆಂದರೆ, 1988ರಲ್ಲಿ ಪೋರ್ಶೆ ಕಂಪನಿಯೇ ಇದೇ ಎಂಜಿನನ್ನು 247 ಅಶ್ವಶಕ್ತಿಗೆ ಏರಿಸಿ "ಟರ್ಬೋ ಎಸ್" ಮಾಡಿತ್ತು. ಹೆಚ್ಚಿಸಿದ್ದು 30 ಅಶ್ವಶಕ್ತಿ. ಅದಕ್ಕೆಂದು ಬದಲಿಸಿದ್ದು ಟರ್ಬೋ ಒಂದೇ ಅಲ್ಲ. 928 ಕಾರಿನ ದೊಡ್ಡ ಬ್ರೇಕ್, ಗಟ್ಟಿಯಾದ ಗೇರ್‌ಬಾಕ್ಸ್, ಅದರ ಎಣ್ಣೆ ತಣಿಸುವ ಕೂಲರ್, ಬೇರೆ ಸಸ್ಪೆನ್ಷನ್. ಈ ಪಟ್ಟಿಯನ್ನು ಮಗನೇ ಓದಿ ತಾತನಿಗೆ ಹೇಳಿದ. ತಾತ ನಕ್ಕು, "ಮೂವತ್ತಕ್ಕೆ ಇಷ್ಟಾದ್ರೆ ನಿನ್ನ ನೂರಮೂವತ್ತಕ್ಕೆ ಎಷ್ಟಪ್ಪಾ?" ಎಂದರು. ಆಮೇಲೆ ಆ ವಿಷಯ ಮನೆಯಲ್ಲಿ ಏಳಲಿಲ್ಲ. ನಾವು ಹಣದ ಉಳಿದ ಪಾಲನ್ನು ಹೊಸ ಬ್ರೇಕ್ ಪ್ಯಾಡ್, ಬ್ರೇಕ್ ಎಣ್ಣೆ ಮತ್ತು ಟೈರ್‌ಗಳಿಗೆ ಸುರಿದೆವು. ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಲಿಲ್ಲ, ಅದನ್ನು ಕಿತ್ತುಹಾಕುವುದು ಈ ದೇಶದ ಕಾನೂನಿಗೆ ವಿರುದ್ಧ. ಅದರ ಹಿಂದಿನ ಸೈಲೆನ್ಸರ್ ಮಾತ್ರ ಸರಾಗವಾದದ್ದು ಹಾಕಿದೆವು.

ಡೈನೋ ಯಂತ್ರದ ಮೇಲೆ ನಿಲ್ಲಿಸಿ ಅಳೆದಾಗ ಚಕ್ರದ ಬಳಿ ಮೊದಲು 165 ಇದ್ದದ್ದು 190 ಆಗಿತ್ತು. ಅಲ್ಲಿಯವರು "ಎತ್ತರದ ತಿದ್ದುಪಡಿ" ಹಾಕಿ ಇನ್ನೂ ದೊಡ್ಡ ಸಂಖ್ಯೆ ಬರೆದುಕೊಡಲು ಹೊರಟರು. ಆ ತಿದ್ದುಪಡಿ ಟರ್ಬೋ ಇಲ್ಲದ ಕಾರಿಗಾಗಿ ಮಾಡಿದ್ದು, ಟರ್ಬೋ ಕಾರಿಗೆ ಹಾಕಿದರೆ ಕಾಗದದ ಕುದುರೆಗಳಷ್ಟೇ ಹೆಚ್ಚುತ್ತವೆ. ಬೇಡ ಎಂದೆವು. ಇಪ್ಪತ್ತೈದು ನಿಜವಾದ ಕುದುರೆಗಳು ಸಾಕಲ್ಲವೇ?

ಬೆಟ್ಟದ ದಿನ

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಆರಕ್ಕೆ ಹೊರಟೆವು. ಮುಂದೆ ಹಳೆಯ ಪೋರ್ಶೆಯಲ್ಲಿ ಮಗ ಮತ್ತು ತಾತ, ಹಿಂದೆ ನಮ್ಮ ಟರ್ಬೋ ಇಲ್ಲದ ಮಿನಿವ್ಯಾನ್‌ನಲ್ಲಿ ನಾನು, ನನ್ನವಳು, ಪುಳಿಯೋಗರೆ, ಮೊಸರನ್ನ ಮತ್ತು ಫ್ಲಾಸ್ಕ್ ಕಾಫಿ. ತಂದೆಯವರಿಗೆ ಎಪ್ಪತ್ತು ದಾಟಿತ್ತು. ಅವರ ವೈದ್ಯರನ್ನು ಮೊದಲೇ ಕೇಳಿದ್ದೆವು. ಡೆನ್ವರ್‌ನಲ್ಲಿ ಮೂರು ತಿಂಗಳು ಇದ್ದು ದೇಹ ಒಗ್ಗಿದೆ, ಆದರೆ ನಿಧಾನವಾಗಿ ಏರಿ, ತೊಂದರೆ ಎನಿಸಿದ ಕೂಡಲೇ ಇಳಿಯಿರಿ ಎಂದಿದ್ದರು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪುಟ್ಟ ಯಂತ್ರವೂ ಜೊತೆಯಲ್ಲಿತ್ತು.

ಕೊಲರಾಡೋ ಸ್ಪ್ರಿಂಗ್ಸ್‌ನಿಂದ 24ನೇ ಹೆದ್ದಾರಿ ಹಿಡಿದು ಯೂಟ್ ಪಾಸ್ ಕಣಿವೆಯಲ್ಲಿ ಸಾಗಿ, ಕ್ಯಾಸ್ಕೇಡ್ ಎಂಬಲ್ಲಿ ಎಡಕ್ಕೆ ತಿರುಗಿದರೆ ಪೈಕ್ಸ್ ಪೀಕ್ ಹೆದ್ದಾರಿ. ತುದಿಗೆ 19 ಮೈಲಿ. ಮೊದಲರ್ಧ ದಟ್ಟ ಪೈನ್ ಮರಗಳು, ಕ್ರಿಸ್ಟಲ್ ಕ್ರೀಕ್ ಜಲಾಶಯದಲ್ಲಿ ಬೆಟ್ಟದ ಪ್ರತಿಬಿಂಬ. "ಬಿಗ್‌ಫುಟ್ ದಾಟುವ ಜಾಗ" ಎಂಬ ತಮಾಷೆಯ ಫಲಕವೂ ಇದೆ. ಚಾರ್ಮಾಡಿಯ ಹಸಿರು, ಝರಿ, ಮಂಜು ಇಲ್ಲಿಲ್ಲ. ಎಲ್ಲ ಒಣ, ಎಲ್ಲ ಸ್ಪಷ್ಟ. ನೂರು ಮೈಲಿ ದೂರದ ಬೆಟ್ಟವೂ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಹತ್ತುಸಾವಿರ ಅಡಿ ದಾಟಿದ ಮೇಲೆ ನಮ್ಮ ಮಿನಿವ್ಯಾನ್ ಬಳಲಿತು. ಆಕ್ಸಿಲರೇಟರ್ ಅರ್ಧ ಒತ್ತಿದರೂ ಎರಡನೇ ಗೇರ್‌ನಲ್ಲಿ ಗೋಳಾಡುತ್ತ ತೆವಳತೊಡಗಿತು. ಮುಂದಿದ್ದ ಮುದಿ ಕಾರು ಮಾತ್ರ ಏನೂ ಆಗದಂತೆ ತಿರುವಿನಿಂದ ತಿರುವಿಗೆ ಹೋಗುತ್ತಿತ್ತು. ವೇಗದ ಮಾತಲ್ಲ, ಆ ರಸ್ತೆಯಲ್ಲಿ ವೇಗಮಿತಿ ಕಡಿಮೆಯೇ. ಉಸಿರಿನ ಮಾತು. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಶೇಕಡ 60ರಷ್ಟು. ನಮ್ಮ ವ್ಯಾನಿಗೆ ಅಷ್ಟೇ ಗತಿ. ಆ ಕಾರಿಗೆ 0.6ರ ಮೇಲೆ 0.9 ಸೇರಿ 1.5 ಸಿಗುತ್ತದೆ, ಬಯಲಿನಲ್ಲಿರುವ ಟರ್ಬೋ ಇಲ್ಲದ ಕಾರಿಗಿಂತ ಒಂದೂವರೆ ಪಟ್ಟು! ಅಲ್ಲಿ ಟರ್ಬೋ ಗಾಳಿಯನ್ನು ಎರಡೂವರೆ ಪಟ್ಟು ಒತ್ತಬೇಕಾಗುವುದರಿಂದ ಪೂರ್ತಿ ಒತ್ತಡ ಬಳಸಬಾರದೆಂದು ಮಗನಿಗೆ ಹೇಳಿದ್ದೆ. ಅರ್ಧ ಪೆಡಲ್‌ನಲ್ಲೇ ಅವನು ಸಾಗುತ್ತಿದ್ದ.

ಮರಗಳು ಮುಗಿಯುತ್ತ ಬರುವಲ್ಲಿ, ಹನ್ನೊಂದು ಸಾವಿರ ಅಡಿ ದಾಟಿದ ಮೇಲೆ ಗ್ಲೆನ್ ಕೋವ್ ಎಂಬ ತಂಗುದಾಣ. ಅಲ್ಲಿ ಇಳಿದಾಗ ತಂದೆಯವರ ಮುಖ ಸ್ವಲ್ಪ ಬಿಳುಪಾಗಿತ್ತು. "ತಲೆ ಭಾರ, ಬೇರೇನಿಲ್ಲ" ಎಂದರು. ಬೆರಳಿಗೆ ಯಂತ್ರ ಹಾಕಿದರೆ 84. ಹತ್ತು ನಿಮಿಷ ಕೂತು ಮತ್ತೆ ನೋಡಿದರೂ 85. ಡೆನ್ವರ್‌ನಲ್ಲಿ ಅವರದು 94 ಇರುತ್ತಿತ್ತು. ಮುಂದೆ ಇನ್ನೂ ಎರಡೂವರೆ ಸಾವಿರ ಅಡಿಗಿಂತ ಹೆಚ್ಚು ಏರು.

ಯಾರೂ ಮಾತಾಡಲಿಲ್ಲ. ಆ ಶಿಖರವನ್ನು ನೋಡಬೇಕೆಂಬ ಆಸೆ ಹೆಚ್ಚಾಗಿ ಇದ್ದದ್ದು ಅವರಿಗೇ. ಕೊನೆಗೆ ಅವರೇ ಹೇಳಿದರು: "ಗಾಡಿಗೆ ಟರ್ಬೋ ಹಾಕ್ಬೋದು, ನಂಗೆ ಹಾಕಕ್ಕಾಗಲ್ಲ. ನೀವು ಹೋಗ್ಬನ್ನಿ." ಅವರನ್ನು ಅಲ್ಲಿ ಒಬ್ಬರನ್ನೇ ಬಿಡುವ ಮಾತೇ ಇರಲಿಲ್ಲ. ಬೇಕಾದರೆ ಆ ಕ್ಷಣವೇ ಇಳಿಯಲು ವ್ಯಾನ್ ಸಿದ್ಧವಿರಲಿ ಎಂದು ನಾನು ಉಳಿದೆ. ನನ್ನವಳು ಪೋರ್ಶೆ ಹತ್ತಿ ಮಗನ ಪಕ್ಕ ಕೂತಳು. ಹೊರಡುವ ಮುನ್ನ ತಂದೆ ಕಿಟಕಿಗೆ ಬಾಗಿ ಮೊಮ್ಮಗನಿಗೆ ಹೇಳಿದ್ದು ಒಂದೇ ಮಾತು. "ಹತ್ತೋದು ಇಂಜಿನ್ ಕೆಲಸ. ಇಳಿಯೋದು ನಿನ್ ಕೆಲಸ. ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳಿ."

ನೆರಳಿನಲ್ಲಿ ಕೂತು ಇಬ್ಬರೂ ಕಾಫಿ ಕುಡಿದೆವು. ಮೇಲಿನ ರಸ್ತೆ ಹಾವಿನಂತೆ ಬಂಡೆಗಳ ಮಧ್ಯೆ ಮಾಯವಾಗುವುದು ಕಾಣುತ್ತಿತ್ತು. ಅದಕ್ಕೂ ಮೇಲೆ "ಡೆವಿಲ್ಸ್ ಪ್ಲೇಗ್ರೌಂಡ್" ಎಂಬ ಜಾಗ, ಸಿಡಿಲು ಬಂಡೆಯಿಂದ ಬಂಡೆಗೆ ಕುಣಿಯುತ್ತದೆಂದು ಆ ಹೆಸರು. ಹದಿನೆಂಟರ ಹುಡುಗ, ಪಕ್ಕದಲ್ಲಿ ತಾಯಿ, ನಾವೇ ಬಿಗಿದ ಬೋಲ್ಟುಗಳು, ಪಕ್ಕಕ್ಕೆ ಸಾವಿರಾರು ಅಡಿ ಪ್ರಪಾತ. ಫೋನಿಗೆ ಸಿಗ್ನಲ್ ಬರುತ್ತ ಹೋಗುತ್ತ ಇತ್ತು. ತಂದೆ ನನ್ನ ಕಡೆ ನೋಡದೆಯೇ, "ನೀನು ಮೊದಲ ಸಲ ನನ್ ಸ್ಕೂಟರ್ ತಗೊಂಡು ಸಕಲೇಶಪುರಕ್ಕೆ ಹೋದಾಗ ನಾನೂ ಹೀಗೇ ಕೂತಿದ್ದೆ" ಎಂದರು. ಅದನ್ನವರು ಹಿಂದೆಂದೂ ಹೇಳಿರಲಿಲ್ಲ.

ಮಧ್ಯಾಹ್ನದ ಮೋಡಗಳು ಸೇರುವ ಹೊತ್ತಿಗೆ ಆ ಪರಿಚಿತ ಸದ್ದು ಕೇಳಿತು. ಇಳಿಯುವ ಕಾರುಗಳನ್ನೆಲ್ಲ ಗ್ಲೆನ್ ಕೋವ್‌ನಲ್ಲಿ ನಿಲ್ಲಿಸಿ ಸಿಬ್ಬಂದಿ ಬ್ರೇಕಿನ ಬಿಸಿ ಅಳೆಯುತ್ತಾರೆ. ಹೆಚ್ಚು ಕಾದಿದ್ದರೆ ತಣಿಯುವ ತನಕ ಅಲ್ಲೇ ಬಿಡಾರ. ನಮಗಿಂತ ಮುಂದಿದ್ದ ಎರಡು ಹೊಸ ದೊಡ್ಡ ಎಸ್‌ಯುವಿಗಳನ್ನು ಪಕ್ಕಕ್ಕೆ ಕಳಿಸಿದ ಆ ಮಹಿಳೆ ನಮ್ಮ ಮುದಿ ಕಾರಿನ ಚಕ್ರಕ್ಕೆ ಯಂತ್ರ ಹಿಡಿದು, ಹೆಬ್ಬೆರಳೆತ್ತಿ "ಮುಂದೆ ಹೋಗು" ಎಂದಳು. ಇಡೀ ಬೇಸಿಗೆಯಲ್ಲಿ ಮಗನಿಗೆ ಸಿಕ್ಕ ದೊಡ್ಡ ಪದಕ ಅದು. ತಾತ ಹೋಗಿ ಚಕ್ರದ ಬಳಿ ಕೈ ಇಟ್ಟು ಬಿಸಿ ನೋಡಿ, ಏನೂ ಹೇಳದೆ ಅವನ ಬೆನ್ನು ತಟ್ಟಿದರು. ತುದಿಯ ಅಂಗಡಿಯಲ್ಲಿ ಕರಿಯುವ ಪ್ರಸಿದ್ಧ ಡೋನಟ್‌ಗಳನ್ನು ನನ್ನವಳು ಕಾಗದದ ಚೀಲದಲ್ಲಿ ತಂದಿದ್ದಳು. ನೀರು 86 ಡಿಗ್ರಿಗೇ ಕುದಿಯುವ ಆ ಎತ್ತರಕ್ಕೆಂದೇ ಅವುಗಳ ಹಿಟ್ಟಿನ ಅಳತೆಯೂ ಬೇರೆಯಂತೆ. ಆರು ಸಾವಿರ ಅಡಿಗೆ ಇಳಿದಾಗ ತಂದೆಯವರ ಬೆರಳಿನ ಯಂತ್ರ 94 ತೋರಿಸಿತು. ತಲೆಭಾರವೂ ಹೋಗಿತ್ತು. ಪುಳಿಯೋಗರೆ ಎರಡು ಸಲ ಬಡಿಸಿಕೊಂಡರು.

ಹೋಗುವವರಿಗೆ ನಾಲ್ಕು ಮಾತು

ನೀವೂ ಪೈಕ್ಸ್ ಪೀಕ್‌ಗೆ ಹೋಗುವುದಾದರೆ: ಬೇಸಿಗೆಯಲ್ಲಿ ಕಾರಿನ ಪ್ರವೇಶಕ್ಕೆ ಸಮಯ ಕಾಯ್ದಿರಿಸಬೇಕಾಗಬಹುದು, ಮೊದಲೇ ವಿಚಾರಿಸಿ. ಮಧ್ಯಾಹ್ನ ಸಿಡಿಲು ಮಳೆ ಸಾಮಾನ್ಯ, ಬೆಳಿಗ್ಗೆಯೇ ಹತ್ತಿ ಇಳಿದುಬಿಡಿ. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ವಿಮಾನ ಇಳಿದ ವಾರದಲ್ಲೇ ಕರೆದೊಯ್ಯಬೇಡಿ. ಮೊದಲು ವೈದ್ಯರನ್ನು ಕೇಳಿ, ನೀರು ಹೆಚ್ಚು ಕುಡಿಸಿ, ಅವರು ಸಾಕೆಂದಲ್ಲಿ ನಿಲ್ಲಿ. ಕಾರು ಓಡಿಸಲು ಇಷ್ಟವಿಲ್ಲದವರಿಗೆ ಮ್ಯಾನಿಟೂ ಸ್ಪ್ರಿಂಗ್ಸ್‌ನಿಂದ 1891ರಿಂದಲೂ ಇರುವ ಹಲ್ಲುಗಾಲಿಯ ರೈಲಿದೆ, 2021ರಲ್ಲಿ ನವೀಕರಣಗೊಂಡು ಮತ್ತೆ ಶುರುವಾಗಿದೆ.

ಹಳೆಯ ಟರ್ಬೋ ಕಾರು ಗ್ಯಾರೇಜಿನಲ್ಲಿರುವ ಬಂಧುಗಳಿಗೆ: ಮೊದಲು ಬೆಲ್ಟ್, ಕೊಳವೆ, ಸೋರಿಕೆ. ಆಮೇಲೆ ಮೀಟರ್. ಆಮೇಲೆ ಒತ್ತಡ, ಅದೂ ಚಿಟಿಕೆಯಷ್ಟು. ಬ್ರೇಕು ಎಲ್ಲಕ್ಕಿಂತ ಮೊದಲು, ಕೊನೆಗೂ. ಜೋರಾಗಿ ಓಡಿಸಿದ ಮೇಲೆ ಎಂಜಿನನ್ನು ತಟ್ಟನೆ ನಿಲ್ಲಿಸದೆ ಒಂದೆರಡು ನಿಮಿಷ ಸುಮ್ಮನೆ ತಿರುಗಲು ಬಿಡಿ. 944ರಲ್ಲಿ ಕೀಲಿ ತೆಗೆದ ಮೇಲೂ ಟರ್ಬೋಗೆ ನೀರು ಹರಿಸುವ ಪುಟ್ಟ ಪಂಪ್ ಇದೆ, ಅದು ಗುಂಯ್ ಎನ್ನುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ.

ತಂದೆಯವರು ಅಕ್ಟೋಬರ್‌ನಲ್ಲಿ ಹಾಸನಕ್ಕೆ ಮರಳಿದರು. ಮಗ ಕಾಲೇಜಿನಲ್ಲಿದ್ದಾನೆ. ಪ್ರತಿ ಭಾನುವಾರ ಅಜ್ಜ ಮೊಮ್ಮಗ ಫೋನಿನಲ್ಲಿ ಮಾತಾಡುತ್ತಾರೆ. ಓದಿನ ವಿಚಾರ ಎರಡು ನಿಮಿಷ, ಕಾರಿನ ವಿಚಾರ ಇಪ್ಪತ್ತು ನಿಮಿಷ, ಎಲ್ಲವೂ ಕನ್ನಡದಲ್ಲಿ.